ಕೆಂಪು ನೀರಿನ ಉಡಿ

ಹರಗೋಲಿನ ಹುಟ್ಟನ್ನು ಬಾಗಿಲಿಗೆ ಅಡ್ಡ ಹಿಡಿದು ಗದಿಗೆವ್ವ ನಿಂತುಬಿಟ್ಟಿದ್ದಳು. ಮನೆಯೊಳಗೆ ಅವಳ ಗಂಡ ಹೊಳೆಯಪ್ಪ, ಹೊರಗೆ ಅಂಗಳದ ಬೇವಿನ ಮರದಡಿ ಗದಗಿನಿಂದ ಬಂದ ಕಾಲೇಜಿನ ಮಾಸ್ತರ. ಇಬ್ಬರ ನಡುವೆ ಆ ಹುಟ್ಟು, ಹುಟ್ಟಿಗೆ ಆತುಕೊಂಡು ಅವಳು.

"ದಾರಿ ಬಿಡು, ಗದಿಗೆವ್ವ."

"ಬಿಡೂದುಲ್ಲ. ಗಂಗವ್ವ ಹೊರಗ ಕುಂತಾಳ. ಅಂಬಿಗರ ಮನ್ಯಾಗ ಹುಟ್ಟಿದಾಂವಗ ಇದನ್ನ ನಾ ಹೇಳಿಕೊಡಬೇಕೇನು?"

ಹೇಳಿಕೊಡಬೇಕಾಗಿರಲಿಲ್ಲ. ಮುಂಗಾರಿನ ಮೊದಲ ನೀರು ತುಂಗಭದ್ರೆಗೆ ಕೆಂಪಗೆ ಬರುತ್ತದೆ. ಕಪ್ಪತಗುಡ್ಡದ ಕೆಮ್ಮಣ್ಣನ್ನು ಹಳ್ಳಗಳು ತೊಳೆದು ತಂದು ಸುರಿಯುವ ಆ ದಿನಗಳಲ್ಲಿ ಹೊಳೆಯ ಗಂಗವ್ವ ಮುಟ್ಟಾಗಿರುತ್ತಾಳೆ ಎನ್ನುವುದು ದಂಡೆಯ ಆ ಊರಿನ ನಂಬಿಕೆ. ಮೂರು ದಿನ ಯಾರೂ ಕೊಡ ಮುಳುಗಿಸುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಹರಗೋಲುಗಳೆಲ್ಲ ತೊಗಲು ಮೇಲಾಗಿ, ದೊಡ್ಡ ಆಮೆಗಳ ಹಾಗೆ ದಂಡೆಯ ಮೇಲೆ ಬೋರಲು ಬಿದ್ದಿರುತ್ತವೆ. ನಾಲ್ಕನೆಯ ದಿನ ಹೆಂಗಸರು ಹೋಗಿ ಅರಿಸಿನ, ಕುಂಕುಮ, ಅಕ್ಕಿ, ಒಂದು ಕಾಸು ನೀರಿಗೆ ಬಿಟ್ಟು ಆಕೆಯ ಉಡಿ ತುಂಬುತ್ತಾರೆ. ಆಮೇಲೆಯೇ ಹುಟ್ಟು ನೀರಿಗೆ ಬೀಳುವುದು.

ಇವತ್ತು ಮೊದಲನೆಯ ದಿನ. ಜಯತೀರ್ಥ ಮಾಸ್ತರನಿಗೆ ಬೇಕಾಗಿದ್ದು ಇವತ್ತಿನ ನೀರೇ.

"ಮಾತು ಕೊಟ್ಟೇನಿ," ಅಂದ ಹೊಳೆಯಪ್ಪ.

"ಕೊಟ್ಟಿದ್ದು ಬ್ಯಾಸಗ್ಯಾಗ. ಆವಾಗ ಹೊಳಿ ಮೊಣಕಾಲುದ್ದ ಇತ್ತು, ನಿನ್ನ ನಾಲಿಗಿ ಮಾರುದ್ದ ಇತ್ತು."

ಬೇವಿನ ಮರದಡಿಯಿಂದ ಕಿಸಕ್ಕನೆ ನಗು ಕೇಳಿತು. ಅದು ಅಕ್ಬರಸಾಬ, ಹರಗೋಲಿನ ಅರ್ಧ ಪಾಲುದಾರ. ಬಿದಿರಿನ ಬುಟ್ಟಿ ಹೊಳೆಯಪ್ಪನದು, ಅದಕ್ಕೆ ಹೊದಿಸಿದ ತೊಗಲು ಅಕ್ಬರಸಾಬನದು. ಮುಳುಗಿದರೆ ಯಾರ ಪಾಲು ಮೊದಲು ಮುಳುಗುತ್ತದೆ ಎಂದು ಇಬ್ಬರೂ ಹರೆಯದಿಂದಲೂ ಜಗಳಾಡಿಕೊಂಡು ಬಂದವರು.

ಬೇಸಿಗೆಯಲ್ಲಿ ಮಾಸ್ತರ ಬಂದಾಗ ಇದೇ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದಿದ್ದ. ಗದಗಿನ ಗುಡಿಯಲ್ಲಿ ಪೂಜೆ ಮಾಡುವವರ ಮನೆಯ ಹುಡುಗ, ರಸಾಯನಶಾಸ್ತ್ರ ಓದಿ ಕಾಲೇಜು ಸೇರಿದವ. ಕಿವಿ ತುಸು ದೊಡ್ಡವು, ಮಾತು ಮೆತ್ತಗೆ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹಳ್ಳಕೊಳ್ಳಗಳಲ್ಲೆಲ್ಲ ಗಾಜಿನ ಬಾಟಲಿ ಹಿಡಿದು ಅಡ್ಡಾಡಿ, ಅಡರಕಟ್ಟಿಯಲ್ಲಿ ದೆವ್ವ ಹಿಡಿಯಲು ಬಂದವನೆಂದು ಹೆಸರಾಗಿ, ಕೊನೆಗೆ ಮುಂಡರಗಿ ದಾಟಿ ಹೊಳೆಯ ದಂಡೆ ಮುಟ್ಟಿದ್ದ.

"ಕಪ್ಪತಗುಡ್ಡ ದಿನಾ ಕರಗಲಿಕ್ಕತ್ತದ, ಹೊಳೆಯಪ್ಪ," ಎಂದಿದ್ದ ಅವತ್ತು. "ಬಿಸಲು ಬಂಡಿಗಲ್ಲು ಸೀಳ್ತದ, ಮಳಿ ತೊಳೀತದ. ಕಬ್ಬಿಣ, ತಾಮ್ರ, ಒಂದೀಟು ಬಂಗಾರ ಸುದ್ಧಾ. ಕಣ್ಣಿಗೆ ಕಾಣಲಾರದಷ್ಟು ಸಣ್ಣಾಗಿ ಹಳ್ಳಕ್ಕಿಳೀತಾವ, ಹಳ್ಳದಿಂದ ಹೊಳಿಗೆ, ಹೊಳಿಯಿಂದ ಕೃಷ್ಣಾಕ್ಕ, ಅಲ್ಲಿಂದ ಸಮುದ್ರಕ್ಕ. ಸಮುದ್ರದೊಳಗೂ ಹೊಳಿ ಇದ್ದಂಗ ಹರಿವು ಇರ್ತಾವ. ನನ್ನ ಗೆಳೆಯಾ ಒಬ್ಬಾಂವ ಹಡಗದಾಗ ಹೋಗಿ ಅಲ್ಲೆ ನೀರು ಹಿಡೀತಾನ. ಇಲ್ಲಿಂದ ಹೊಂಟಿದ್ದು ಎಷ್ಟು, ಅಲ್ಲೆ ಮುಟ್ಟಿದ್ದು ಎಷ್ಟು, ಇಬ್ಬರೂ ಕೂಡಿ ತಾಳೆ ಹಾಕಿ ನೋಡಬೇಕು."

"ಹೊಸಪೇಟಿ ಕಡೆ ಆಣೆಕಟ್ಟು ಕಟ್ಯಾರಲ್ರಿ? ಎಲ್ಲಾ ಅಲ್ಲೇ ನಿಂದರತೈತಿ."

"ಮಣ್ಣು ನಿಂದರತದ. ನೀರಾಗ ಕರಗಿದ್ದು ದಾಟತದೋ ಇಲ್ಲೋ, ಅದನ್ನ ನೋಡಬೇಕು. ಅದಕ್ಕ ಮೊದಲನೇ ದಿನದ ನೀರ ಬೇಕು ನನಗ. ಮರುದಿನ ಮಲೆನಾಡಿನ ನೀರು ಬಂದು ಕೂಡಿತಂದ್ರ ಗುಡ್ಡದ ಗುರ್ತ ಹತ್ತೂದಿಲ್ಲ." ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟು ಅಂದಿದ್ದ: "ಹೊಳಿ ತಗೊಂಡು ಹೋದದ್ದು ಇಲ್ಲಂಗ ಆಗೂದಿಲ್ಲ, ಹೊಳೆಯಪ್ಪ. ಎಲ್ಲೋ ಒಂದು ಕಡೆ ಇದ್ದ ಇರ್ತದ. ಬೆನ್ನು ಹತ್ತಿ ಹೋಗೂದು ಗೊತ್ತಿರಬೇಕು, ಅಷ್ಟ."

ಆ ಮಾತಿಗೇ ಹೊಳೆಯಪ್ಪ ಹೂಂ ಅಂದುಬಿಟ್ಟಿದ್ದ. ಯಾಕೆ ಅಂದ ಎನ್ನುವುದು ಮಾಸ್ತರನಿಗೆ ತಿಳಿದಿರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಗಕ್ಕನೆ ನಿಂತದ್ದು ಹೊಳೆಯಪ್ಪನಿಗೆ ಮಾತ್ರ ಕೇಳಿತ್ತು.

ಒಂಬತ್ತು ವರ್ಷದ ಹಿಂದೆ, ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದ ಮಾತು. ಕೆಂಪು ನೀರಿನ ಎರಡನೆಯ ದಿನ, ದನದ ವ್ಯಾಪಾರಿಯೊಬ್ಬನ ಗಡಿಬಿಡಿಗೆ ಸೋತು ಹೊಳೆಯಪ್ಪ ಹರಗೋಲು ಇಳಿಸಿದ್ದ. ಅಪ್ಪ ನಡುನೀರಿನಲ್ಲಿ ಗಿರಗಿರ ತಿರುಗುವುದನ್ನು ಕಂಡು ಮಗಳು ಶಂಕ್ರೆವ್ವ ದಂಡೆಯ ತುದಿಗೆ ಓಡಿ ಬಂದು ಕೂಗಿದಳು. ಕೂಗಿದ್ದು ಅವನಿಗೆ ಕೇಳಿತು. ತಿರುಗಿ ನೋಡುವಷ್ಟರಲ್ಲಿ ಎರೆಮಣ್ಣಿನ ದಂಡೆ ಅವಳನ್ನು ಹೊತ್ತುಕೊಂಡೇ ಕುಸಿದಿತ್ತು. ಆಗ ಅವಳಿಗೆ ಏಳು ವರ್ಷ. ಹೆಣ ಸಿಗಲಿಲ್ಲ. ಮನೆಯಲ್ಲಿ ಉಳಿದದ್ದು ಅವಳು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ತೂತಿನ ಬಿಲ್ಲಿ. ಯುದ್ಧದ ಕಾಲದಲ್ಲಿ ಬಂದಿತ್ತಲ್ಲ, ನಡುವೆ ದೊಡ್ಡ ತೂತಿರುವ ತಾಮ್ರದ ಕಾಸು, ಅದು. ಅವತ್ತು ಬೆಳಿಗ್ಗೆ ತಲೆಗೆ ನೀರು ಎರೆಯುವಾಗ ಬಿಚ್ಚಿಟ್ಟದ್ದು, ಇವತ್ತಿಗೂ ದೇವರ ಗೂಡಿನ ಮೊಳೆಗೆ ದಾರದಲ್ಲಿ ತೂಗುತ್ತಿತ್ತು. ಗದಿಗೆವ್ವ ಅಂದಿನಿಂದ ಹೊಳೆಗೆ ಇಳಿದವಳಲ್ಲ. ನೀರಿಗೆ ಊರ ಬಾವಿಗೆ ಹೋಗುತ್ತಿದ್ದಳು, ಅಷ್ಟು ದೂರ, ಎರಡು ಕೊಡ ಹೊತ್ತು.

"ಒಮ್ಮೆ ಮುಟ್ಟಿದ್ದಕ್ಕ ಏನ ಕೊಟ್ಟೇವಿ, ಮರತಿಯೇನು?" ಅಂದಳು ಈಗ.

ಅವಳು ಅಲ್ಲಿಂದಲೇ ತಿರುಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮರದಡಿ ನಿಂತವನನ್ನು ಮೊದಲ ಸಲ ಮಾತಾಡಿಸಿದಳು. "ಮಾಸ್ತರ, ಈ ನೀರು ಖರೇನ ಸಮುದ್ರ ಮುಟ್ಟತೈತೇನ್ರಿ?"

"ಮುಟ್ಟತದವ್ವಾ. ತಡಾ ಆಗಬಹುದು. ಮುಟ್ಟತದ."

"ಮುಟ್ಟಿದ ಮ್ಯಾಲೆ ಅಲ್ಲೆ ನೋಡಾವ್ರು ಅದಾರು?"

"ಅದಾರವ್ವಾ."

ಗದಿಗೆವ್ವ ಹುಟ್ಟನ್ನು ಗೋಡೆಗೆ ಒರಗಿಸಿ ಅಡಿಗೆಮನೆಗೆ ಹೋದಳು. ಇಷ್ಟು ಸುಲಭಕ್ಕೆ ಯಾಕೆ ಬಿಟ್ಟಳು ಎಂದು ಹೊಳೆಯಪ್ಪನಿಗೆ ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ದಂಡೆಯ ಮೇಲೆ ನಿಂತರೆ ಹೊಳೆಯ ಸಪ್ಪಳ ಎದೆಯೊಳಗೇ ಕೇಳುತ್ತಿತ್ತು. ನಿನ್ನೆ ಹುಡುಗರು ನಡೆದು ದಾಟಿದ ಬಂಡೆಗಳು ಒಂದೂ ಕಾಣುತ್ತಿರಲಿಲ್ಲ. ನೊರೆ, ಜೋಳದ ದಂಟು, ಸತ್ತ ನಾಯಿ, ಯಾರದೋ ಮೇವಿನ ಬಣವೆಯ ಅರ್ಧ ಭಾಗ, ಎಲ್ಲ ಕೆಂಪು ನೀರಿನ ಮೇಲೆ ಅವಸರದಿಂದ ಹೊರಟಿದ್ದವು. ಊರಿನವರು ನಾಲ್ಕಾರು ಜನ ದೂರದಲ್ಲಿ ನಿಂತು ನೋಡುತ್ತಿದ್ದರು. ಹತ್ತಿರ ಯಾರೂ ಬರಲಿಲ್ಲ.

ಹೊರಡುವ ಮುಂಚೆ ಜಯತೀರ್ಥ ಇಬ್ಬರ ಮೈಮೇಲಿನ ಲೋಹವನ್ನೆಲ್ಲ ತೆಗೆಸಿದ. ಹೊಳೆಯಪ್ಪನ ತಾಮ್ರದ ಉಂಗುರ, ಉಡದಾರದ ಬೆಳ್ಳಿ ಗುಂಡು, ಅಕ್ಬರಸಾಬನ ತಾಯತ.

"ಈ ಬಾಟ್ಲಿ ನೀರಾಗ ಇರೂ ತಾಮ್ರ ಸೂಜಿ ಮೊನಿಮ್ಯಾಲೆ ಕೂಡಲಿಕ್ಕೂ ಸಾಲೂದಿಲ್ಲ," ಅಂದ. "ನಿನ್ನ ಉಂಗುರ ಒಮ್ಮೆ ತಾಕಿತಂದ್ರ ಗುಡ್ಡದ ಲೆಕ್ಕ ಎಲ್ಲಾ ಸುಳ್ಳು."

"ನನ್ನ ಬಾಯಾಗ ಒಂದು ಬೆಳ್ಳಿ ಹಲ್ಲೈತ್ರಿ," ಅಂದ ಅಕ್ಬರಸಾಬ. "ಕೀಳಬೇಕೇನು?"

"ಬಾಯಿ ಮುಚ್ಚಿಕೊಂಡ್ರ ಸಾಕು."

"ಕೀಳೂದ ಸಸಾರ ಆಗಿತ್ತ್ರಿ."

ಹರಗೋಲು ನೀರಿಗೆ ಬಿದ್ದದ್ದೇ ತಡ, ಯಾರೋ ಬುಗುರಿ ಬಿಟ್ಟ ಹಾಗೆ ತಿರುಗಿತು. ಇಬ್ಬರೂ ಎದುರುಬದುರು ಮೊಣಕಾಲೂರಿ ಹುಟ್ಟು ಹಾಕಿದರು. ತೊಗಲಿನ ಕೆಳಗೆ ನೀರು ಹಸಿದ ದನದ ನಾಲಿಗೆಯಂತೆ ಉಜ್ಜುವುದು ಮೊಣಕಾಲಿಗೆ ತಿಳಿಯುತ್ತಿತ್ತು. ನಡುನೀರು ಮುಟ್ಟುವ ಹೊತ್ತಿಗೆ ಅಕ್ಬರಸಾಬ ಏದುಸಿರಿನಲ್ಲೇ ಶುರು ಮಾಡಿದ.

"ಆ ದಂಡಿ ಮೈಸೂರು ಸರಕಾರದ್ದು, ಈ ದಂಡಿ ಮುಂಬೈದು. ನಡುವಿನ ನೀರು ಯಾರದೋ ಹೊಳೆಯಾ? ಸತ್ತರ ಪಂಚನಾಮಿ ಯಾರು ಮಾಡಬೇಕು?"

"ದೀಪಾವಳಿಗೆ ಎರಡೂ ಒಂದಾಗತಾವಂತ. ಅಲ್ಲೀತನಕ ತಡದು ಸಾಯಿ."

ಹೊಳೆಯಪ್ಪ ಕಲ್ಲು ಕಟ್ಟಿದ ಬಾಟಲಿಯನ್ನು ನೂಲಿನ ಹಗ್ಗದಲ್ಲಿ ಇಳಿಸಿದ. ಇನ್ನೊಂದು ಹಗ್ಗ ಜಗ್ಗಿದಾಗ ಬಿರಡೆ ಕಿತ್ತುಬಂದು, ಬಾಟಲಿ ಗುಳುಗುಳು ಎನ್ನುವುದು ಬೆರಳಿಗೆ ತಿಳಿಯಿತು. ಮೇಲೆತ್ತಿ ಬಿರಡೆ ಒತ್ತುತ್ತಿದ್ದಾಗಲೇ ಅಕ್ಬರಸಾಬ "ಯಾ ಅಲ್ಲಾ!" ಎಂದು ಕೂಗಿದ. ಬೇರು ಸಮೇತ ಒಂದು ಜಾಲಿ ಮರ, ಮುಳ್ಳೆಲ್ಲ ಮುಂದೆ ಚಾಚಿಕೊಂಡು, ನೇರ ಬರುತ್ತಿತ್ತು. ತೊಗಲಿಗೆ ಒಂದು ಮುಳ್ಳು ನೆಟ್ಟರೂ ಮುಗಿಯಿತು. ಅಕ್ಬರಸಾಬ ಹುಟ್ಟಿನಿಂದ ದಬ್ಬಿದ. ಅದು ಜಾರಿದಾಗ ಬರಿಗೈಯಿಂದ ದಬ್ಬಿದ. ಮರ ಉರುಳಿ ದೂರವಾಯಿತು. ಹೋಗುವಾಗ ಅವನ ಮುಂಗೈಯನ್ನು ಹರಗೋಲಿನ ಅಂಚಿಗೆ ಒತ್ತಿ ನಜ್ಜುಗುಜ್ಜು ಮಾಡಿಯೇ ಹೋಯಿತು.

ಹೊಳೆಯಪ್ಪ ಒಬ್ಬನೇ ಹುಟ್ಟು ಹಾಕಿ, ಊರಿನಿಂದ ಬಹಳ ಕೆಳಗೆ, ಹೇಗೋ ದಂಡೆ ಹಿಡಿದ. ಅಲ್ಲಿಂದ ಹರಗೋಲನ್ನು ತಲೆಯ ಮೇಲೆ ಹೊತ್ತು ಊರ ದಂಡೆಗೆ ತಂದು ಹಾಕಿದ.

ಬಾಟಲಿಗೆ ಬಿಸಿಲು ತಾಗಬಾರದು ಎಂದು ಮಾಸ್ತರ ಮೊದಲೇ ಹೇಳಿದ್ದ. ಅಡಿಗೆಮನೆಯ ಕತ್ತಲ ಮೂಲೆಯಲ್ಲಿ ನೀರಿನ ಗಡಿಗೆಗಳ ಪಕ್ಕ ಹೊಳೆಯಪ್ಪ ಅದನ್ನು ಇಟ್ಟು ಬಂದ. ಹೊರಗೆ ಕಟ್ಟೆಯ ಮೇಲೆ ಜಯತೀರ್ಥ ತನ್ನ ಧೋತರದ ಅಂಚು ಹರಿದು ಅಕ್ಬರಸಾಬನ ಕೈಗೆ ಕಟ್ಟುತ್ತಿದ್ದ.

"ಇನ್ನ ನಿಮ್ಮ ಬಾಟ್ಲಿ ಹಡಗ ಹತ್ತಿ ಹೋಗಲಿ, ನಾ ದವಾಖಾನಿಗೆ ಹೋಗ್ತೀನಿ," ಅಂದ ಅಕ್ಬರಸಾಬ.

"ಬಾಟ್ಲಿ ಎಲ್ಲೂ ಹೋಗೂದಿಲ್ಲೋ ಮಾರಾಯ. ಗದಗಿನಾಗ ಇರ್ತದ. ಹೋಗೂದು ಹೊಳಿ."

ಮುಂಡರಗಿಗೆ ಹೋಗುವ ಚಕ್ಕಡಿ ಬಂದು ನಿಂತಿತು. ಹೊಳೆಯಪ್ಪ ಬಾಟಲಿ ತರಲು ಒಳಗೆ ಹೋದ. ಗದಿಗೆವ್ವ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಅವನು ಬಾಟಲಿಯನ್ನು ಎತ್ತಿಕೊಂಡ. ತಳದಲ್ಲಿ ಏನೋ 'ಟಣ್' ಎಂದಿತು.

ಮತ್ತೊಮ್ಮೆ ಓರೆ ಮಾಡಿದ. ಮತ್ತೆ ಟಣ್. ನೀರು ಅಷ್ಟು ಕೆಂಪಗಿತ್ತು, ಒಳಗಿನದೇನೂ ಕಾಣದು. ಬಿರಡೆಯ ಅಂಚಿನಲ್ಲಿ ಮಾತ್ರ ಒಂದು ಹಳದಿ ಗೆರೆ. ಹೊಳೆಯಪ್ಪ ತಲೆಯೆತ್ತಿ ದೇವರ ಗೂಡು ನೋಡಿದ. ಮೊಳೆ ಬರಿದಾಗಿತ್ತು.

ಬಾಟಲಿ ಹಿಡಿದೇ ಅವಳ ಕಡೆ ತಿರುಗಿದ. ದನಿ ಅವನದೇ ಅಲ್ಲ ಅನ್ನಿಸಿತು. "ಯಾಕ?"

"ಸಮುದ್ರಕ್ಕ ಹೊಂಟೈತಿ ಅಂದ್ರಲ್ಲ, ಅದಕ್ಕ." ಗದಿಗೆವ್ವ ಒಲೆಯ ಬೂದಿಯನ್ನೇ ನೋಡುತ್ತಿದ್ದಳು. "ಇದ್ದಿದ್ರ ಹೋದ ವರ್ಷನ ಲಗ್ನ ಆಕ್ಕಿತ್ತು. ಉಡಿ ತುಂಬಿ ಕಳಸೂದು ಒಂದು ನನ್ನ ಕೈಯಾಗ ಉಳದಿತ್ತು. ಈ ನೀರು ಹೋದಲ್ಲೇ ಆಕೀನೂ ಇರಬೇಕಲ್ಲ? ಬರೇ ನೀರು ಹ್ಯಾಂಗ ಕಳಸಲಿ?"

ಇವಳು ತಿಳಿದುಕೊಂಡಿದ್ದಾಳೆ, ಬಾಟಲಿಯೇ ಹಡಗು ಹತ್ತುತ್ತದೆ ಎಂದು. ಅದಕ್ಕೇ ಹುಟ್ಟು ಬಿಟ್ಟುಕೊಟ್ಟಳು. ಹೊಳೆಯಪ್ಪ ಬಾಟಲಿ ಹಿಡಿದು ಹಾಗೇ ನಿಂತ. ಹೊರಗೆ ಎತ್ತಿನ ಗಂಟೆ ಅಲುಗಿತು. ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಮಾಸ್ತರ ಹೊರಟುಹೋಗುತ್ತಾನೆ. ಗದಗಿನಲ್ಲಿ ತೆಗೆದು ನೋಡಿದ ಮೇಲೆ ಏನಾಗುತ್ತದೆ? ಬಿಲ್ಲಿಯನ್ನು ಕಸದಲ್ಲಿ ಎಸೆಯುತ್ತಾರೆ, ನೀರನ್ನು ಮೋರಿಗೆ ಚೆಲ್ಲುತ್ತಾರೆ. ಮಗಳ ಉಡಿ ಗದಗಿನ ಮೋರಿಗೆ.

"ಬಾಟ್ಲಿ ಸಮುದ್ರಕ್ಕ ಹೋಗೂದುಲ್ಲ, ಗದಿಗೆವ್ವ," ಅಂದ. "ಹೋಗೂದು ಹೊಳಿ ಒಂದ."

ಅವಳು ತಿರುಗಿ ನೋಡಿದಳು. ಆ ಮುಖವನ್ನು ನೋಡಲಾಗದೆ ಅವನು ಹೊರಗೆ ಬಂದ.

ವಿಷಯ ಕೇಳಿ ಜಯತೀರ್ಥ ಚಕ್ಕಡಿಯ ಗಾಲಿ ಹಿಡಿದುಕೊಂಡು ನಿಂತ. ಮೊದಲು ಕಿವಿ ಕೆಂಪಾದವು. "ನಾ ಅಷ್ಟು ಬಡಕೊಂಡೆ, ಉಂಗುರ ಸುದ್ಧಾ ತಗಸಿದೆ..." ಎಂದು ಜೋರು ದನಿಯಲ್ಲಿ ಶುರು ಮಾಡಿದವ, ಬಾಗಿಲಿಗೆ ಬಂದು ನಿಂತ ಗದಿಗೆವ್ವನನ್ನು ಕಂಡು ಮಾತು ನಿಲ್ಲಿಸಿದ. ಯಾರ ಬಿಲ್ಲಿ ಎನ್ನುವುದನ್ನು ಅಕ್ಬರಸಾಬ ಸಣ್ಣ ದನಿಯಲ್ಲಿ ಹೇಳಿದ. ಅವನ ಬಾಯಲ್ಲಿ ಚೇಷ್ಟೆ ಇಲ್ಲದ ಮಾತು ಬಂದದ್ದು ಅವತ್ತು ಅದೊಂದೇ.

"ಇರಲಿ ಬಿಡು," ಅಂದ ಮಾಸ್ತರ. "ಈ ವರ್ಷ ನೀರು ಸಿಗಲಿಲ್ಲಂತ ಬರದುಬಿಡ್ತೀನಿ."

"ಪೆಟಿಗ್ಯಾಗ ಇನ್ನೊಂದು ಬಾಟ್ಲಿ ಐತಲ್ರಿ."

"ಬ್ಯಾಡ, ಹೊಳೆಯಪ್ಪ. ನನಗ ಈಜು ಬರೂದಿಲ್ಲ. ದಂಡಿಮ್ಯಾಲೆ ನಿಂತು ಇನ್ನೊಬ್ಬರನ್ನ ಕಳಸೂದು ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ."

"ನೀವು ಕಳಸಬ್ಯಾಡ್ರಿ. ನನಗ ನನ್ನ ಕೆಲಸ ಐತಿ ಅಲ್ಲೆ." ಹೊಳೆಯಪ್ಪ ಪೆಟ್ಟಿಗೆಯಿಂದ ಹೊಸ ಬಾಟಲಿ ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಹಳೆಯದು ಇದ್ದೇ ಇತ್ತು. "ನಾಳಿಗೆ ಈ ನೀರು ಇರೂದುಲ್ಲ ಅಂದ್ರಿ."

"ಒಬ್ಬಾಂವ ಹ್ಯಾಂಗ ಹೋಗ್ತೀಲೇ?" ಅಕ್ಬರಸಾಬ ಕಟ್ಟು ಹಾಕಿದ ಕೈ ಎತ್ತಿ ತೋರಿಸಿದ. "ಒಂದು ಹುಟ್ಟಿಗೆ ನಡು ಹೊಳ್ಯಾಗ ಹರಗೋಲು ನಿಂದರತೈತೇನು? ಆಗಳೆ ಬಂದದ್ದು ನೋಡಿಲ್ಲ? ಊರಾಗ ಇವತ್ತು ಯಾವ ಮಗನೂ ಹುಟ್ಟು ಮುಟ್ಟೂದುಲ್ಲ."

ಅದು ಖರೆ. ದಂಡೆಯಿಂದ ಹಿಂದೆಯೇ ಬಂದು ದೂರದಲ್ಲಿ ನಿಂತಿದ್ದ ನಾಲ್ಕಾರು ಜನರೂ ಈಗ ಬೇರೆ ಕಡೆ ನೋಡತೊಡಗಿದರು.

ಗದಿಗೆವ್ವ ಕೈಯಿಂದ ಒಂದೊಂದೇ ಬಳೆ ಕಳಚಿ ಕಟ್ಟೆಯ ಮೇಲಿಟ್ಟಳು. ಕಾಲುಂಗುರ ತೆಗೆಯಲು ಬಗ್ಗಿದಾಗ ಸ್ವಲ್ಪ ಹೊತ್ತು ಹಿಡಿಯಿತು. ಮದುವೆಯಾದಂದಿನಿಂದ ಬೆರಳು ಬಿಟ್ಟವಲ್ಲ ಅವು. ತಾಳಿಯನ್ನು ಕುಪ್ಪಸದೊಳಗೆ ಇಳಿಬಿಟ್ಟು, ಮೇಲೆ ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಇದನ್ನ ತಗ್ಯಾಂಗಿಲ್ಲ, ಮಾಸ್ತರ," ಅಂದಳು. ಗೋಡೆಗೆ ಒರಗಿದ್ದ ಹುಟ್ಟು ಎತ್ತಿಕೊಂಡು, ಯಾರನ್ನೂ ಕೇಳದೆ, ದಂಡೆಯ ಕಡೆ ನಡೆದಳು.

ಹೊಳೆಯಪ್ಪನಿಗೆ ಬೇಡ ಅನ್ನಬೇಕೆನಿಸಿತು. ಆದರೆ ಅವಳೂ ಅಂಬಿಗರ ಮಗಳು. ಅವನಿಗಿಂತ ಮೊದಲೇ ಹುಟ್ಟು ಹಿಡಿದವಳು.

ನೀರು ಆಗಲೇ ಇನ್ನೊಂದು ಮೊಳ ಏರಿತ್ತು. ದಂಡೆಯ ಅಂಚಿಗೆ ಬಂದಾಗ ಅವಳ ಕಾಲು ನಿಂತಿತು. ಅಲ್ಲೇ, ಸ್ವಲ್ಪ ಮೇಲೆ, ಕುಸಿದ ಜಾಗದಲ್ಲಿ ಈಗ ಆಪಿನ ಹುಲ್ಲು ಬೆಳೆದಿತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ. ಹರಗೋಲು ಹತ್ತಿ ಮೊಣಕಾಲೂರಿದಳು.

ಈ ಸಲ ಮಾತಿರಲಿಲ್ಲ. ಅವನು ಎಡಕ್ಕೆ ಹಾಕಿದರೆ ಅವಳು ಬಲಕ್ಕೆ. ಎರಡು ಸಲ ಸುಳಿ ಹಿಡಿಯಿತು, ಎರಡು ಸಲವೂ ಅವಳು ಹುಟ್ಟನ್ನು ಕಂಬದಂತೆ ಊರಿ ಹರಗೋಲನ್ನು ಹೊರಗೆ ತಿರುಗಿಸಿದಳು. ಒಮ್ಮೆ ಅಲೆಯೊಂದು ಅಂಚು ಹಾರಿ ಬಂದು ಅವಳ ಮುಖಕ್ಕೆ ಹೊಡೆಯಿತು. ಅವಳು ಒರೆಸಿಕೊಳ್ಳಲಿಲ್ಲ. ಕೆನ್ನೆಯ ಮೇಲೆ ಕೆಂಪು ನೀರು ಇಳಿಯುತ್ತಲೇ ಇತ್ತು. ದಂಡೆಯ ಮೇಲೆ ಮಾಸ್ತರ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದ. ಅವನ ಪಕ್ಕ ಅಕ್ಬರಸಾಬ ಸರಿಯಿದ್ದ ಕೈಯನ್ನು ಬಾಯಿಗೆ ಹಿಡಿದು ಏನೋ ಕೂಗುತ್ತಿದ್ದ. ಕೇಳಿಸುತ್ತಿರಲಿಲ್ಲ.

ನಡುನೀರಿನಲ್ಲಿ ಹೊಳೆಯಪ್ಪ ಮೊದಲು ಹೊಸ ಬಾಟಲಿ ಇಳಿಸಿದ. ಅದು ತುಂಬುವ ತನಕ ಅವಳು ಒಬ್ಬಳೇ ಹರಗೋಲನ್ನು ಹಿಡಿದು ನಿಲ್ಲಿಸಿದಳು. ತೋಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಬಿರಡೆ ಒತ್ತಿ, ಹರಗೋಲಿನ ತಳದ ಹುಲ್ಲಿನಲ್ಲಿ ಹುದುಗಿಸಿ, ಅವನು ಅವಳ ಹುಟ್ಟನ್ನೂ ತನ್ನ ಕೈಗೆ ತೆಗೆದುಕೊಂಡ. ಹಳೆಯ ಬಾಟಲಿಯನ್ನು ಅವಳ ಕಡೆ ಚಾಚಿದ.

"ನೀನ ಕಳಸು."

ಗದಿಗೆವ್ವ ಅಂಚಿಗೆ ಎದೆ ಆನಿಸಿ ಬಗ್ಗಿದಳು. ಬಿರಡೆ ಕಿತ್ತು, ಬಾಟಲಿಯನ್ನು ಮೆಲ್ಲಗೆ ಓರೆ ಮಾಡಿದಳು. ಕೆಂಪು ನೀರು ಕೆಂಪು ನೀರಿಗೆ ಸೇರಿತು. ಅಕ್ಕಿಕಾಳು ಬಿದ್ದವು, ಒದ್ದೆ ಅರಿಸಿನ ಬಿತ್ತು. ಬಿಲ್ಲಿ ಮಾತ್ರ ದಾರ ಸಿಕ್ಕಿಕೊಂಡು ಕೊರಳಿನಲ್ಲೇ ನಿಂತಿತು. ಅವಳು ಬಾಟಲಿಯನ್ನು ಬೋರಲು ಹಿಡಿದು, ಕೂಸಿನ ಬೆನ್ನು ತಟ್ಟುವ ಹಾಗೆ, ಅದರ ತಳವನ್ನು ಅಂಗೈಯಿಂದ ಮೆತ್ತಗೆ ತಟ್ಟಿದಳು. ಒಮ್ಮೆ, ಮತ್ತೊಮ್ಮೆ. ಅವಳ ತುಟಿ ಅಲುಗಿದ್ದು ಅವನಿಗೆ ಕಂಡಿತು. ಬಿಲ್ಲಿ ಬಿದ್ದಾಗ ಸಪ್ಪಳವೇ ಆಗಲಿಲ್ಲ.

ಬಾಟಲಿ ಬರಿದಾದ ಮೇಲೂ ಅವಳು ಅದನ್ನು ಹಾಗೇ ಹಿಡಿದುಕೊಂಡಿದ್ದಳು. ಅರಿಸಿನದ ಒಂದು ಎಳೆ ನೀರಿನ ಮೇಲೆ ಬಿಚ್ಚಿಕೊಂಡು, ಹರಗೋಲಿನ ಮಗ್ಗುಲಿಗೇ ಮೂಡಣ ದಿಕ್ಕಿಗೆ ಹೊರಟಿತ್ತು. ಹುಟ್ಟು ಹಾಕು ಎಂದು ಅವಳು ಹೇಳಲಿಲ್ಲ. ಎರಡು ಹುಟ್ಟುಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು, ದಂಡೆಯಲ್ಲಿ ಅಕ್ಬರಸಾಬ ಕೈ ಬೀಸುತ್ತ ಓಡುತ್ತಿದ್ದರೂ, ಹೊಳೆಯಪ್ಪ ಸ್ವಲ್ಪ ದೂರ ಹರಗೋಲನ್ನು ಅದರ ಜೊತೆಗೇ ಹೋಗಲು ಬಿಟ್ಟ.